ಸಿಗಡಿಯ ಚಿಪ್ಪು, ಕಾಶಿಯ ಬಟ್ಟೆ

(ವಾರಾಣಸಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಒಳಗೆ ಬರುವಾಗ ಹಿರಿಯರೊಬ್ಬರು ನನ್ನನ್ನು ಬಾಗಿಲಲ್ಲೇ ತಡೆದು, “ಅಲ್ಲ ಸ್ವಾಮಿ, ಕಾಶಿಗೆ ಬಂದು ಸಿಗಡಿ ಚಿಪ್ಪಿನ ಮಾತಾಡ್ತೀರಲ್ಲ?” ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೆ ಪ್ರಶ್ನೆ ತಮಾಷೆಯದಲ್ಲ. ಅವರು ಮಡಿಯ ಪಟ್ಟೆ ಉಟ್ಟಿದ್ದರು. ಉತ್ತರ ನನ್ನಲ್ಲಿದೆ, ನಡುವೆ ಒಂದು ಕಡೆ ಹೇಳುತ್ತೇನೆ.

ಮೊದಲು ಈ ಊರಿನ ಬಟ್ಟೆ. ಪಾಲಿ ಭಾಷೆಯ ಬೌದ್ಧ ಗ್ರಂಥಗಳ ಕಾಲಕ್ಕೇ ಕಾಶಿಯ ವಸ್ತ್ರಕ್ಕೆ ಹೆಸರಿತ್ತು. ಇವತ್ತೂ ಮದನಪುರ, ಅಲಈಪುರ, ಲಲ್ಲಾಪುರ, ಬಜರ್‌ಡೀಹಾದ ಗಲ್ಲಿಗಳಲ್ಲಿ ನಡೆದರೆ ಮಗ್ಗದ ಸದ್ದು ಕೇಳುತ್ತದೆ. 2009ರಲ್ಲಿ ಬನಾರಸಿ ಸೀರೆಗೂ ಕಿನ್ಕಾಪಿಗೂ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಆ ಮಗ್ಗಗಳ ಮೇಲಿನ ಕತಾನ್ ಎಂಬ ರೇಷ್ಮೆ ನೂಲಿನಲ್ಲಿ ಬಹಳಷ್ಟು ನಮ್ಮ ರಾಮನಗರ, ಶಿಡ್ಲಘಟ್ಟದ ಗೂಡು ಮಾರುಕಟ್ಟೆ ದಾಟಿ ಬಂದದ್ದು. ಇಲ್ಲಿನ ಅನ್ಸಾರಿ ನೇಕಾರರು ಬೆಂಗಳೂರು ರೇಷ್ಮೆ ಎಂದರೆ ಎಲ್ಲಿಯದು ಎಂದು ಕೇಳುವುದಿಲ್ಲ. ಪಕ್ಕದ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಾಲ್ವಡಿ ಕೃಷ್ಣರಾಜ ಒಡೆಯರು ಎಂಬುದನ್ನೂ ನಿಮಗೆ ನೆನಪಿಸಬೇಕಾಗಿಲ್ಲ. ಜಂಗಮವಾಡಿ ಮಠದಿಂದ ಹಿಡಿದು ಹುಳುವಿನ ಗೂಡಿನ ತನಕ ಈ ಊರಿಗೂ ನಮಗೂ ಕೊಡುಕೊಳೆ ನಡೆದೇ ಇದೆ.

ಆದರೆ ನಾನು ಮಾತಾಡಲು ಬಂದಿರುವುದು ಮದುವೆಗೆ ಉಡುವ ಬಟ್ಟೆಯ ಬಗ್ಗೆಯಲ್ಲ. ಆಸ್ಪತ್ರೆಯ ಹಾಸುಬಟ್ಟೆ, ಗಾಯಕ್ಕೆ ಕಟ್ಟುವ ಪಟ್ಟಿ, ಬೆವರು ಒರೆಸಲು ಹೆಗಲ ಮೇಲೆ ಬೀಳುವ ಗಮ್ಛಾ, ಇಂಥ ಬಟ್ಟೆಗಳ ಬಗ್ಗೆ. ಇವುಗಳಿಗೂ ಕಾಶಿಯಲ್ಲಿ ದೊಡ್ಡ ಪರಂಪರೆ ಇದೆ. ಕಾಶಿಯ ರಾಜ ದಿವೋದಾಸ ಧನ್ವಂತರಿ ಹೇಳಿಕೊಟ್ಟದ್ದು ಎಂದು ತನ್ನನ್ನು ಪರಿಚಯಿಸಿಕೊಳ್ಳುವ ಸುಶ್ರುತ ಸಂಹಿತೆಯಲ್ಲಿ ಗಾಯ ಕಟ್ಟುವ ವಿಧಿಗೆಂದೇ ಒಂದು ಅಧ್ಯಾಯವಿದೆ. ಕಟ್ಟಲು ಯಾವುದನ್ನು ಬಳಸಬಹುದು ಎಂಬ ಪಟ್ಟಿಯಲ್ಲಿ ನಾರುಬಟ್ಟೆ, ಹತ್ತಿ, ಉಣ್ಣೆ, ರೇಷ್ಮೆ, ಚೀನಾಂಬರ, ತೊಗಲು, ಮರದ ಒಳತೊಗಟೆ ಎಲ್ಲವೂ ಬರುತ್ತವೆ. ಕಟ್ಟುವ ಬಗೆಗಳೇ ಹದಿನಾಲ್ಕು. ಜೊತೆಗೆ ಗಾಯಾಳು ಮಲಗುವ ಕೋಣೆಗೆ ಗುಗ್ಗುಳ, ಬಜೆ, ಬಿಳಿ ಸಾಸಿವೆ, ಬೇವಿನೆಲೆಗಳ ಧೂಪ. ರೋಗಾಣುವನ್ನು ಕಂಡವರಲ್ಲ ಆ ವೈದ್ಯರು, ಆದರೆ ಬಟ್ಟೆ ಗಾಯಕ್ಕೆ ಬರಿಯ ಹೊದಿಕೆಯಲ್ಲ, ಅದು ಗಾಯಕ್ಕೆ ಏನನ್ನೋ ಮಾಡುತ್ತದೆ ಎಂಬ ಅರಿವು ಅವರಿಗಿತ್ತು.

ಏನು ಮಾಡುತ್ತದೆ? ಹತ್ತಿ ನೀರು ಹೀರುತ್ತದೆ. ಬೆವರು, ಕೀವು, ಚರ್ಮದ ಹೊಟ್ಟು, ಎಣ್ಣೆ ಎಲ್ಲವನ್ನೂ ಎಳೆಗಳ ಸಂದಿನಲ್ಲಿ ಹಿಡಿದಿಡುತ್ತದೆ. ಮೈಯ ಬಿಸುಪೂ ಸೇರಿದರೆ ಬ್ಯಾಕ್ಟೀರಿಯಾಕ್ಕೆ ಬೇರೆ ಮನೆ ಬೇಕಿಲ್ಲ. ಅಮೆರಿಕದ ಇಬ್ಬರು ಸಂಶೋಧಕರು ಆಸ್ಪತ್ರೆಯ ಬಟ್ಟೆ ಹಾಗೂ ಪ್ಲಾಸ್ಟಿಕ್ ತುಂಡುಗಳ ಮೇಲೆ ಸ್ಟ್ಯಾಫಿಲೋಕಾಕಸ್ ಮತ್ತು ಎಂಟರೋಕಾಕಸ್ ಜಾತಿಯ ರೋಗಾಣುಗಳನ್ನು ಹಚ್ಚಿಟ್ಟು ಎಷ್ಟು ದಿನ ಬದುಕುತ್ತವೆ ಎಂದು ನೋಡಿ 2000ದಲ್ಲಿ ಪ್ರಕಟಿಸಿದರು. ಒಂದು ದಿನವಂತೂ ಎಲ್ಲವೂ ಬದುಕಿದ್ದವು, ಕೆಲವು 90 ದಿನ ದಾಟಿಯೂ ಜೀವ ಹಿಡಿದಿದ್ದವು. ಬೆವರಿನ ನಾತದ ಕಥೆಯೂ ಇದೇ. ಬೆವರಿಗೆ ತನ್ನದೇ ವಾಸನೆ ಹೆಚ್ಚೇನಿಲ್ಲ, ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಹೊರಬಿಡುವ ಆಮ್ಲಗಳೇ ನಾರುವುದು.

ಬಟ್ಟೆಗೆ ರೋಗಾಣು ತಡೆಯುವ ಗುಣ ಕೊಡಲು ಜವಳಿ ಉದ್ಯಮ ಹಲವು ದಾರಿ ಹಿಡಿದಿದೆ. ಬೆಳ್ಳಿಯ ಸೂಕ್ಷ್ಮ ಕಣ ಒಂದು. 2008ರಲ್ಲಿ ಅರಿಜೋನಾದ ಸಂಶೋಧಕರು ಅಂಥ ಕಾಲುಚೀಲಗಳನ್ನು ನೀರಿನಲ್ಲಿ ಜಾಲಾಡಿ ನೋಡಿದರೆ ಕೆಲವು ಚೀಲಗಳ ಬೆಳ್ಳಿಯೆಲ್ಲ ಕೆಲವೇ ಸಲಕ್ಕೆ ನೀರಿಗೆ ಸೇರಿಹೋಗಿತ್ತು. ಟ್ರೈಕ್ಲೋಸಾನ್ ಮತ್ತೊಂದು. ಕೈ ತೊಳೆಯುವ ಸಾಬೂನಿನಲ್ಲಿ ಅದನ್ನು ಮಾರಕೂಡದೆಂದು 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆದೇಶ ಹೊರಡಿಸಿತು. ಇವೆಲ್ಲ ಬಟ್ಟೆಯಿಂದ ಬಿಡುಗಡೆಯಾಗಿ ಹೊರಗೆ ಹರಿದು ಕೊಲ್ಲುವ ಜಾತಿ. ಬಟ್ಟೆಯಲ್ಲಿ ಕಡಿಮೆಯಾದಷ್ಟೂ ಹೊಳೆಯಲ್ಲಿ ಹೆಚ್ಚಾಗುತ್ತದೆ. ಗಂಗೆಯ ದಡದಲ್ಲಿ ನಿಂತು ಈ ಮಾತನ್ನು ಹೆಚ್ಚು ವಿವರಿಸಬೇಕಿಲ್ಲ.

ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಎಂಬ ವಸ್ತು ಬೇರೆ ಜಾತಿಯದು. ಅದು ಬಟ್ಟೆಗೆ ಅಂಟಿಕೊಂಡೇ ಇದ್ದು, ಮುಟ್ಟಿದ್ದನ್ನು ಮಾತ್ರ ಕೊಲ್ಲುತ್ತದೆ.

ಅದರ ಚರಿತ್ರೆ ಅಣಬೆಯಿಂದ ಶುರುವಾಗುತ್ತದೆ. 1811ರಲ್ಲಿ ಫ್ರಾನ್ಸಿನ ಆಂರಿ ಬ್ರಾಕೊನೋ ಅಣಬೆಯನ್ನು ಕ್ಷಾರದಲ್ಲಿ ಕುದಿಸಿದಾಗ ಕರಗದೆ ಉಳಿದ ಒಂದು ವಸ್ತುವನ್ನು ಗುರುತಿಸಿದ. 1823ರಲ್ಲಿ ಓಡಿಯೇ ಎಂಬಾತ ಜೀರುಂಡೆಯ ಗಟ್ಟಿ ರೆಕ್ಕೆಯಲ್ಲಿ ಅದೇ ತೆರನಾದ ವಸ್ತುವನ್ನು ಕಂಡು ಕೈಟಿನ್ ಎಂದು ಕರೆದ. 1859ರಲ್ಲಿ ಚಾರ್ಲ್ಸ್ ರೂಜೆ ಕೈಟಿನ್ನನ್ನು ಪ್ರಬಲ ಪೊಟ್ಯಾಶ್ ದ್ರಾವಣದಲ್ಲಿ ಕುದಿಸಿದಾಗ ಅದು ಆಮ್ಲದಲ್ಲಿ ಕರಗುವಂತಾಯಿತು. ಈ ಹೊಸ ರೂಪಕ್ಕೆ 1894ರಲ್ಲಿ ಹೋಪ್-ಝೈಲರ್ ಕೈಟೋಸಾನ್ ಎಂದು ಹೆಸರಿಟ್ಟ. ಏಡಿ, ಸಿಗಡಿ, ಜಿರಲೆ, ಜೇನು, ರೇಷ್ಮೆಹುಳು, ಬೂಷ್ಟು, ಅಣಬೆ, ಇಷ್ಟೂ ಜೀವಿಗಳಲ್ಲಿ ಕೈಟಿನ್ ಇದೆ. ಭೂಮಿಯ ಮೇಲೆ ಸೆಲ್ಯುಲೋಸ್ ಬಿಟ್ಟರೆ ಇಷ್ಟು ಹೇರಳವಾಗಿ ಹುಟ್ಟುವ ಸರಪಣಿ ಸಕ್ಕರೆ ಇನ್ನೊಂದಿಲ್ಲ ಎನ್ನುವವರಿದ್ದಾರೆ.

ಸೆಲ್ಯುಲೋಸಿನ ಹೆಸರು ಸುಮ್ಮನೆ ಎತ್ತಲಿಲ್ಲ. ಹತ್ತಿಯೆಂದರೆ ಬಹುಪಾಲು ಸೆಲ್ಯುಲೋಸೇ. ಗ್ಲೂಕೋಸ್ ಅಣುಗಳು ಉದ್ದಕ್ಕೆ ಕೈಹಿಡಿದು ನಿಂತ ಸರಪಣಿ ಅದು. ಕೈಟಿನ್ನಿನ ಸರಪಣಿಯೂ ಹಾಗೆಯೇ, ಕೊಂಡಿ ಹಾಕಿದ ರೀತಿಯೂ ಅದೇ. ಪ್ರತಿ ಗ್ಲೂಕೋಸಿನ ಎರಡನೆಯ ಇಂಗಾಲದ ಮೇಲೆ ಹೈಡ್ರಾಕ್ಸಿಲ್ ಬದಲು ಒಂದು ಅಸಿಟೈಲ್-ಅಮೈನ್ ಗುಂಪು ಕೂತಿದೆ, ಅಷ್ಟೇ ವ್ಯತ್ಯಾಸ. ಕ್ಷಾರದಲ್ಲಿ ಕುದಿಸಿ ಅಸಿಟೈಲ್ ಕಳಚಿದರೆ ಬರಿಯ ಅಮೈನ್ ಉಳಿಯುತ್ತದೆ. ಅದು ಕೈಟೋಸಾನ್. ಮಾರುಕಟ್ಟೆಯ ಸರಕಿನಲ್ಲಿ ನೂರಕ್ಕೆ 75ರಿಂದ 95ರಷ್ಟು ಕಡೆ ಅಸಿಟೈಲ್ ಹೋಗಿರುತ್ತದೆ. ಹತ್ತಿಗೂ ಇದಕ್ಕೂ ಮೈಕಟ್ಟು ಒಂದೇ ಆದ್ದರಿಂದ ಒಂದರ ಮೇಲೊಂದು ಚೆನ್ನಾಗಿ ಹೊಂದಿ ಕೂರುತ್ತವೆ.

ಇನ್ನು ಕೊಲ್ಲುವ ಬಗೆ. ಆಮ್ಲದ ಸಹವಾಸ ಸಿಕ್ಕಿದರೆ ಅಮೈನ್ ಒಂದು ಪ್ರೋಟಾನನ್ನು ಹಿಡಿದು ಧನ ವಿದ್ಯುದಂಶ ಪಡೆಯುತ್ತದೆ. ಸಾವಿರಾರು ಅಮೈನ್‌ಗಳಿರುವ ಉದ್ದ ಸರಪಣಿಯ ತುಂಬ ಧನಾಂಶ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣಾಂಶ ಹೆಚ್ಚು. ಎರಡೂ ಒಂದಕ್ಕೊಂದು ಎಳೆದುಕೊಂಡಾಗ ಬ್ಯಾಕ್ಟೀರಿಯಾದ ಹೊರಪೊರೆ ಅಸ್ತವ್ಯಸ್ತವಾಗುತ್ತದೆ, ಒಳಗಿನ ಪೊಟ್ಯಾಸಿಯಂ, ಪ್ರೋಟೀನು ಸೋರುತ್ತವೆ. ಚಿಕ್ಕ ತುಂಡಿನ ಕೈಟೋಸಾನ್ ಜೀವಕೋಶದ ಒಳಗೇ ನುಗ್ಗಿ ಡಿಎನ್‌ಎಗೆ ಅಂಟಿ ಕೆಲಸ ಕೆಡಿಸುತ್ತದೆ ಎಂಬ ವಾದವೂ ಇದೆ. ರೋಗಾಣುವಿಗೆ ಬೇಕಾದ ಲೋಹದ ಅಂಶಗಳನ್ನು ಹಿಡಿದಿಟ್ಟು ಉಪವಾಸ ಕೆಡವುತ್ತದೆ ಎಂಬುದು ಮತ್ತೊಂದು. ಮೂರೂ ಒಟ್ಟಿಗೆ ನಡೆಯುತ್ತಿರಬಹುದು.

ಇಲ್ಲಿ ನಮ್ಮ ಮೈಸೂರಿನ ಕೆಲಸ ಹೇಳದಿದ್ದರೆ ತಪ್ಪಾದೀತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಊರವರ ಬಾಯಲ್ಲಿ ಸಿಎಫ್‌ಟಿಆರ್‌ಐ, ಬಹಳ ಕಾಲ ಕೈಟಿನ್ನಿನ ಬೆನ್ನು ಹತ್ತಿದೆ. ಅಲ್ಲಿನ ಆರ್.ಎನ್. ತಾರಾನಾಥನ್ ಮತ್ತು ಸಂಗಡಿಗರು ಪಪ್ಪಾಯಿ ಹಾಲಿನ ಪಪೇನ್ ಎಂಬ ಕಿಣ್ವದಿಂದ ಕೈಟೋಸಾನ್ ಸರಪಣಿಯನ್ನು ಕತ್ತರಿಸಿ, ಆ ತುಂಡುಗಳು ಬ್ಯಾಸಿಲಸ್ ಸೀರಿಯಸ್ ಮತ್ತು ಇ. ಕೋಲಿಯನ್ನು ಹೇಗೆ ಕೊಲ್ಲುತ್ತವೆ ಎಂಬುದನ್ನು 2005ರಲ್ಲಿ ಬಯೋಕೆಮಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಪಪೇನ್ ಅಂದರೆ ಮಾಂಸ ಮೆದುವಾಗಿಸುವ, ಪ್ರೋಟೀನು ಕತ್ತರಿಸುವ ಕಿಣ್ವ. ಅದು ಈ ಸಕ್ಕರೆ ಸರಪಣಿಯನ್ನೂ ತುಂಡರಿಸುತ್ತದೆ ಎಂಬುದು ಪಠ್ಯಪುಸ್ತಕದ ಬುದ್ಧಿಗೆ ಹೊಳೆಯುವಂಥದ್ದಲ್ಲ. ಅವರ ಕಣ್ಣು ಆಹಾರದ ಮೇಲಿತ್ತು, ಬಟ್ಟೆಯವರು ಅದನ್ನು ಓದಬೇಕಿತ್ತು. ಜವಳಿ ವಿಭಾಗದವರು ಆಹಾರ ವಿಜ್ಞಾನದ ಕಪಾಟಿನ ಕಡೆ ಹೋಗುವುದೇ ಕಡಿಮೆ, ಇರಲಿ. ಸಿಗಡಿ ಚಿಪ್ಪಿನಿಂದ ಕೈಟಿನ್ ತೆಗೆಯುವ ವಿಧಾನವನ್ನು ನಮ್ಮ ದೇಶದಲ್ಲಿ ರೂಢಿಗೆ ತಂದದ್ದು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ.

ಆ ವಿಧಾನ ಮೂರು ಹಂತದ್ದು. ಮೊದಲು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಚಿಪ್ಪು ನೆನೆಸಿ ಸುಣ್ಣದಂಶ ತೆಗೆಯುವುದು. ಆಮೇಲೆ ತೆಳು ಕಾಸ್ಟಿಕ್ ಸೋಡಾದಲ್ಲಿ ಪ್ರೋಟೀನು ತೆಗೆಯುವುದು. ಕೊನೆಗೆ ನೂರಕ್ಕೆ 40-50ರಷ್ಟು ಗಡುಸಾದ ಕಾಸ್ಟಿಕ್ಕಿನಲ್ಲಿ ಬಿಸಿ ಮಾಡಿ ಅಸಿಟೈಲ್ ಕಳಚುವುದು. ನಡುವಿನ ಹಂತ ಸಡಿಲವಾದರೆ ಸಿಗಡಿ ಒಗ್ಗದವರಿಗೆ ತೊಂದರೆ, ಏಕೆಂದರೆ ಆ ಒಗ್ಗದಿಕೆಗೆ ಮುಖ್ಯ ಕಾರಣ ಟ್ರೋಪೋಮಯೋಸಿನ್ ಎಂಬ ಪ್ರೋಟೀನು, ಕೈಟಿನ್ ಅಲ್ಲ. ಕೊನೆಯ ಹಂತ ಕೆಟ್ಟರೆ ತೊಂದರೆ ಹೊಳೆಗೆ. ಕೈಟೋಸಾನನ್ನು ‘ಹಸಿರು’ ಎಂದು ಹೊಗಳುವ ಲೇಖನಗಳು ಬೇಕಾದಷ್ಟಿವೆ. ಅವುಗಳಲ್ಲಿ ಕಾಸ್ಟಿಕ್ ನೀರು ಎಲ್ಲಿಗೆ ಹೋಯಿತು ಎಂಬ ಸಾಲನ್ನು ನಾನು ಹುಡುಕುತ್ತೇನೆ. ಬಹಳ ಸಲ ಇರುವುದಿಲ್ಲ.

ಈಗ ಬಟ್ಟೆಗೆ ಹಾಕುವುದನ್ನು ಹತ್ತಿರದಿಂದ ನೋಡೋಣ. ಕೈಟೋಸಾನ್ ನೋಡಲು ಮಾಸಲು ಬಿಳಿಯ ಚಕ್ಕೆ. ಬರೀ ನೀರಿನಲ್ಲಿ ಹಾಕಿ ದಿನವಿಡೀ ತಿರುವಿದರೂ ಕರಗುವುದಿಲ್ಲ, ತಳದಲ್ಲಿ ಉಬ್ಬಿ ಕೂರುತ್ತದೆ. ನೂರಕ್ಕೆ ಒಂದರಷ್ಟು ಅಸಿಟಿಕ್ ಆಮ್ಲ ಬೀಳಲಿ, ಅಂದರೆ ಸುಮಾರಾಗಿ ತೆಳು ಮಾಡಿದ ವಿನೆಗರ್, ಆಗ ಚಕ್ಕೆಯ ಅಂಚು ಮೊದಲು ಪಾರದರ್ಶಕವಾಗುತ್ತದೆ, ಆಮೇಲೆ ಜಿಗುಟಾಗುತ್ತದೆ, ಕೆಲವು ಗಂಟೆಗಳಲ್ಲಿ ಪಾತ್ರೆಯ ತುಂಬ ತೆಳು ಗಂಜಿಯಷ್ಟು ಮಂದವಾದ ದ್ರಾವಣ. ಇನ್ನೂ ಕರಗದ ಕೂದಲೆಳೆಯಂಥ ಚೂರುಗಳು ಉಳಿದಿರುತ್ತವೆ, ಬಟ್ಟೆಯಲ್ಲಿ ಸೋಸಿ ತೆಗೆಯಬೇಕು. ಇಲ್ಲವಾದರೆ ಒಣಗಿದ ಮೇಲೆ ಬಟ್ಟೆಯಲ್ಲಿ ಹೊಳೆಯುವ ಚುಕ್ಕೆಗಳಾಗಿ ನಿಲ್ಲುತ್ತವೆ. ಕೋಣೆಯಲ್ಲೆಲ್ಲ ಉಪ್ಪಿನಕಾಯಿಯ ಹುಳಿ ವಾಸನೆ.

ಇದರಲ್ಲಿ ಹತ್ತಿ ಬಟ್ಟೆ ಅದ್ದಿ, ಎರಡು ರಬ್ಬರ್ ಉರುಳೆಗಳ ನಡುವೆ ಹಾಯಿಸಿ ಹಿಂಡುತ್ತಾರೆ. ಕಾರ್ಖಾನೆಯವರು ಇದನ್ನು ಪ್ಯಾಡಿಂಗ್ ಎನ್ನುತ್ತಾರೆ. ಹಿಂಡಿದ ಮೇಲೆ 100 ಗ್ರಾಂ ಬಟ್ಟೆಯಲ್ಲಿ 80 ಗ್ರಾಂನಷ್ಟು ದ್ರಾವಣ ಉಳಿದರೆ, ದ್ರಾವಣ ನೂರಕ್ಕೆ ಒಂದರದಾದರೆ, ಬಟ್ಟೆಗೆ ಸೇರಿದ ಕೈಟೋಸಾನ್ 0.8 ಗ್ರಾಂ. ಅರ್ಧ ಕಿಲೋ ತೂಗುವ ಆಸ್ಪತ್ರೆಯ ಹಾಸುಬಟ್ಟೆಗೆ ನಾಲ್ಕು ಗ್ರಾಂ. ಈ ನಾಲ್ಕು ಗ್ರಾಂ ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ. ಆಮೇಲೆ ನೂರರೊಳಗಿನ ಉಷ್ಣತೆಯಲ್ಲಿ ಒಣಗಿಸಿ, 150-160 ಡಿಗ್ರಿಯಲ್ಲಿ ಎರಡು ಮೂರು ನಿಮಿಷ ಬೇಯಿಸುತ್ತಾರೆ.

ಬೇಯಿಸುವುದು ಯಾಕೆ? ಸುಮ್ಮನೆ ಅದ್ದಿ ಒಣಗಿಸಿದರೆ ಕೈಟೋಸಾನ್ ಹತ್ತಿಯ ಮೇಲೆ ಲೇಪವಾಗಿ ಕೂರುತ್ತದೆ, ನೆಚ್ಚಿಕೊಳ್ಳುವ ಹಾಗಿಲ್ಲ. ಅದನ್ನು ಎಳೆಗೆ ಕಟ್ಟಿಹಾಕಲು ಮಧ್ಯೆ ಒಂದು ಕೊಂಡಿ ಬೇಕು. ಗ್ಲುಟರಾಲ್ಡಿಹೈಡ್ ಬಳಸಿದವರಿದ್ದಾರೆ, ಅದು ಚರ್ಮಕ್ಕೆ ಒಳ್ಳೆಯದಲ್ಲ. ಸುಕ್ಕು ನಿವಾರಕ ರಾಳಗಳಿವೆ, ಅವುಗಳಲ್ಲಿ ಫಾರ್ಮಾಲ್ಡಿಹೈಡಿನ ಕಾಟ. ನನಗೆ ಮೆಚ್ಚುಗೆಯಾದದ್ದು ಸಿಟ್ರಿಕ್ ಆಮ್ಲ, ನಿಂಬೆಹುಳಿ. ಅದರ ಅಣುವಿಗೆ ಆಮ್ಲದ ಮೂರು ಕೈಗಳಿವೆ. ಸೋಡಿಯಂ ಹೈಪೋಫಾಸ್ಫೈಟ್ ಎಂಬ ಉತ್ತೇಜಕದ ಜೊತೆ ಬಿಸಿ ಮಾಡಿದರೆ ಒಂದು ಕೈ ಹತ್ತಿಯನ್ನು, ಇನ್ನೊಂದು ಕೈಟೋಸಾನನ್ನು ಹಿಡಿಯುತ್ತದೆ. ಪುಕ್ಕಟೆಯಾಗಿ ಅಲ್ಲ: ಬಿಸಿಗೆ ಬಟ್ಟೆ ಸ್ವಲ್ಪ ಹಳದಿಗಟ್ಟುತ್ತದೆ, ಆಮ್ಲಕ್ಕೆ ಹತ್ತಿಯ ಕಸುವು ಸ್ವಲ್ಪ ಇಳಿಯುತ್ತದೆ, ಕೈಟೋಸಾನ್ ಜಾಸ್ತಿಯಾದರೆ ಬಟ್ಟೆ ಗಂಜಿ ಹಾಕಿದಂತೆ ಬಿರುಸಾಗುತ್ತದೆ. ಬಣ್ಣಗಾರರಿಗೆ ಮಾತ್ರ ಇದರಿಂದ ಒಂದು ಲಾಭ. ಕೈಟೋಸಾನ್ ಹಾಕಿದ ಹತ್ತಿ ರಿಯಾಕ್ಟಿವ್, ಡೈರೆಕ್ಟ್ ಬಣ್ಣಗಳನ್ನು ತಾನಾಗಿ ಎಳೆದುಕೊಳ್ಳುತ್ತದೆ, ಬಣ್ಣದ ತೊಟ್ಟಿಗೆ ಸುರಿಯುವ ಉಪ್ಪು ಕಡಿಮೆ ಸಾಕು.

ಇನ್ನು ಪರೀಕ್ಷೆ. ಎಎಟಿಸಿಸಿ 100 ಎಂಬ ಅಮೆರಿಕನ್ ಪದ್ಧತಿ ಹೆಚ್ಚು ಬಳಕೆಯಲ್ಲಿದೆ. ದುಂಡಗೆ ಕತ್ತರಿಸಿದ ಬಟ್ಟೆಯ ಬಿಲ್ಲೆಗಳ ಮೇಲೆ ಒಂದು ಮಿಲಿಲೀಟರ್ ರೋಗಾಣು ದ್ರವ ಹಾಕಿ 24 ಗಂಟೆ ಬೆಚ್ಚಗಿಟ್ಟು, ಉಳಿದವನ್ನು ಎಣಿಸುತ್ತಾರೆ. ಶೇಕಡಾ 99.9 ಇಳಿಕೆ ಎಂಬ ಫಲಿತಾಂಶ ಬಂದರೆ ಜಾಹೀರಾತಿನವರಿಗೆ ಹಬ್ಬ. ಲೆಕ್ಕ ಹಾಕಿ ನೋಡಿ: ಒಂದು ಲಕ್ಷ ಇದ್ದದ್ದು ನೂರಕ್ಕೆ ಇಳಿಯಿತು. ಒಳ್ಳೆಯ ಊಟ, ಒಳ್ಳೆಯ ಬಿಸುಪು ಸಿಕ್ಕಿದ ಇ. ಕೋಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹತ್ತು ಸಲ ಇಮ್ಮಡಿಯಾದರೆ ನೂರು ಹೋಗಿ ಮತ್ತೆ ಲಕ್ಷ. ಮೂರು ಗಂಟೆ ಇಪ್ಪತ್ತು ನಿಮಿಷದ ಮಾತು. ಬಟ್ಟೆಯ ಮೇಲೆ ಅಷ್ಟು ಒಳ್ಳೆಯ ಊಟ ಸಿಗುವುದಿಲ್ಲ, ಕೈಟೋಸಾನೂ ಸುಮ್ಮನೆ ಕೂತಿರುವುದಿಲ್ಲ, ನಿಜ. ಆದರೂ ಶೇಕಡಾವಾರು ಅಂಕಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಈ ಲೆಕ್ಕ ಸಾಕು.

ಇನ್ನೊಂದು ಪರೀಕ್ಷೆ, ಎಎಟಿಸಿಸಿ 147, ಅಗರ್ ತಟ್ಟೆಯ ಮೇಲೆ ರೋಗಾಣುವಿನ ಗೆರೆ ಎಳೆದು ಬಟ್ಟೆ ತುಂಡನ್ನು ಅಡ್ಡಲಾಗಿ ಇಡುವುದು. ಬಟ್ಟೆಯ ಸುತ್ತ ಏನೂ ಬೆಳೆಯದ ತಿಳಿ ವಲಯ ಮೂಡಿದರೆ ಪಾಸು ಎಂದು ಹಲವರು ತಿಳಿದಿದ್ದಾರೆ. ಬೆಳ್ಳಿಯ ಬಟ್ಟೆಗೆ ವಲಯ ಮೂಡುತ್ತದೆ. ಕಟ್ಟಿಹಾಕಿದ ಕೈಟೋಸಾನಿಗೆ ಮೂಡುವುದಿಲ್ಲ, ಮೂಡಲೂಬಾರದು, ಏಕೆಂದರೆ ಅದು ಬಟ್ಟೆ ಬಿಟ್ಟು ಹೊರಗೆ ಹರಿಯುವುದಿಲ್ಲ. ವಿದ್ಯಾರ್ಥಿಗಳು ಇದನ್ನು ಫೇಲು ಎಂದು ಬರೆದುಕೊಂಡು ಬೇಸರಪಡುವುದನ್ನು ನೋಡಿದ್ದೇನೆ. ಬಟ್ಟೆ ಎತ್ತಿ ಅದರ ಅಡಿಯಲ್ಲಿ ಬೆಳೆದಿದೆಯೇ ನೋಡಬೇಕು.

ಇಷ್ಟೆಲ್ಲ ಆದ ಮೇಲೂ ನಾನು ನಿಜವಾದ ಪರೀಕ್ಷಕ ಎಂದು ಒಪ್ಪುವುದು ಪ್ರಯೋಗಾಲಯದವನನ್ನಲ್ಲ, ಧೋಬಿಯನ್ನು. ಇಂದಿನ ಉಪನ್ಯಾಸದಲ್ಲಿ ನಾನು ಹೇಳಬೇಕೆಂದು ಬಂದ ಮಾತು ಇದೊಂದೇ. ಒಗೆತದ ಪರೀಕ್ಷೆಗೂ ಯಂತ್ರವಿದೆ. ಉಕ್ಕಿನ ಡಬ್ಬಿಯಲ್ಲಿ ಬಟ್ಟೆ ತುಂಡು, ಸಾಬೂನು ನೀರು, 50 ಉಕ್ಕಿನ ಗುಂಡು ಹಾಕಿ 45 ನಿಮಿಷ ತಿರುಗಿಸಿದರೆ ಮನೆಯ ಐದು ಒಗೆತಕ್ಕೆ ಸಮ ಎಂದು ಲೆಕ್ಕ. ಯಾವ ಮನೆಯ ಒಗೆತ? ಇಲ್ಲಿ ಘಟ್ಟದ ಮೇಲೆ ನಿಂತು ನೋಡಿ. ಧೋಬಿ ಹಾಸುಬಟ್ಟೆಯನ್ನು ಹಿಂದಿನಿಂದ ತಲೆಯ ಮೇಲೆ ಸುತ್ತಿಸಿ ತಂದು ಕಲ್ಲಿಗೆ ಬಡಿಯುತ್ತಾನೆ. ನೀರು ಬೀಸಣಿಗೆಯಾಗಿ ಹಾರುತ್ತದೆ. ಈ ಕಡೆ ಧೋಬಿಗಳು ಬಹುಕಾಲ ಬಳಸಿದ್ದು ‘ರೇಹ್’, ಹೊಲದಲ್ಲಿ ಬಿಳಿಯಾಗಿ ಏಳುವ ಕ್ಷಾರದ ಮಣ್ಣು. ನಮ್ಮ ಅಗಸರ ಚೌಳು ಮಣ್ಣು ಅದೇ. ಈಗ ಅದರ ಜಾಗಕ್ಕೆ ವಾಷಿಂಗ್ ಸೋಡಾ, ಡಿಟರ್ಜೆಂಟ್ ಪುಡಿ, ಬಿಳುಪಿಗೆ ಬ್ಲೀಚಿಂಗ್ ಬಂದಿದೆ.

ಇವು ಒಂದೊಂದೂ ಕೈಟೋಸಾನಿಗೆ ಮಾಡುವುದು ಬೇರೆ ಬೇರೆ. ಕ್ಷಾರ ಅದನ್ನು ಕರಗಿಸುವುದಿಲ್ಲ, ಕ್ಷಾರದಲ್ಲೇ ಹುಟ್ಟಿದ ಸರಕು ಅದು. ಆದರೆ ಪಿಎಚ್ ಆರೂವರೆ ದಾಟಿದರೆ ಅಮೈನ್ ತನ್ನ ಪ್ರೋಟಾನನ್ನು ಬಿಟ್ಟುಕೊಡುತ್ತದೆ, ಧನಾಂಶ ಹೋಗುತ್ತದೆ, ಕೊಲ್ಲುವ ಶಕ್ತಿಯೂ ಕುಗ್ಗುತ್ತದೆ. ಸೋಡಾ ಪೂರ್ತಿ ಜಾಲಾಡದೆ ಒಣಗಿಸಿದ ಬಟ್ಟೆಯಲ್ಲಿ ಕೈಟೋಸಾನ್ ಇದ್ದೂ ಇಲ್ಲದಂತೆ. ಒಳ್ಳೆಯ ಸುದ್ದಿಯೆಂದರೆ ನಮ್ಮ ಚರ್ಮ, ಬೆವರು ಸ್ವಲ್ಪ ಆಮ್ಲೀಯ, ಪಿಎಚ್ ಐದರ ಆಸುಪಾಸು. ಮೈಗೆ ತಗುಲಿ ಬೆವರು ಹೀರಿದ ಮೇಲೆ ಬಟ್ಟೆ ಮತ್ತೆ ಚುರುಕಾಗುತ್ತದೆ. ಡಿಟರ್ಜೆಂಟ್ ಇದಕ್ಕಿಂತ ಹಟಮಾರಿ. ಅದರ ಅಣುವಿಗೆ ಋಣಾಂಶವಿದೆ, ಹೋಗಿ ಅಮೈನಿಗೇ ಅಂಟಿಕೊಂಡು ಬ್ಯಾಕ್ಟೀರಿಯಾ ಕೂರಬೇಕಾದ ಜಾಗವನ್ನು ತಾನು ಹಿಡಿಯುತ್ತದೆ. ಬ್ಲೀಚಿಂಗ್ ಪುಡಿ ಸರಪಣಿಯನ್ನೇ ಕಡಿದುಹಾಕುತ್ತದೆ. ಕಲ್ಲಿನ ಬಡಿತ ಲೇಪವನ್ನು ಉದುರಿಸುತ್ತದೆ. ಹೀಗಿರುವಾಗ ಲೇಬಲ್ ಮೇಲೆ ‘50 ಒಗೆತದವರೆಗೆ’ ಎಂದು ಬರೆದರೆ ಯಾವ ಸಾಬೂನಿನಲ್ಲಿ, ಯಾವ ನೀರಿನಲ್ಲಿ, ಎಷ್ಟು ಜಾಲಾಡಿ ಎಂದು ಕೇಳುವ ಹಕ್ಕು ಕೊಳ್ಳುವವನಿಗಿದೆ. ಕೊನೆಯ ಜಾಲಿಗೆ ಒಂದಿಷ್ಟು ವಿನೆಗರ್ ಬಿದ್ದರೆ ಕೈಟೋಸಾನ್ ಬಟ್ಟೆಯ ಆಯುಷ್ಯ ಹೆಚ್ಚುತ್ತದೆ ಎಂಬುದು ನನ್ನ ಸಲಹೆ. ಅದು ಯಾವ ಲೇಬಲ್ಲಿನಲ್ಲೂ ಕಾಣುವುದಿಲ್ಲ.

ಧೋಬಿಯ ಪರವಾಗಿಯೂ ಒಂದು ಮಾತು. ಅವನ ಭಟ್ಟಿಯ ಹಬೆ, ಘಟ್ಟದ ಮೆಟ್ಟಿಲ ಮೇಲಿನ ಮಟಮಟ ಬಿಸಿಲು, ಇವೆರಡೂ ಕೈಟೋಸಾನಿಗಿಂತ ಹಳೆಯ, ಅಗ್ಗದ ರೋಗಾಣುನಾಶಕಗಳು. ಒಗೆದ ಬಟ್ಟೆಯನ್ನು ಶುಚಿ ಮಾಡಲು ಕೈಟೋಸಾನ್ ಬೇಕಿಲ್ಲ. ಒಂದು ಒಗೆತಕ್ಕೂ ಇನ್ನೊಂದು ಒಗೆತಕ್ಕೂ ನಡುವೆ ಬಟ್ಟೆ ಮೈಮೇಲೆ ಇರುವ ಹೊತ್ತಿಗೆ ಬೇಕು. ಇನ್ನು ಗಂಗೆಯ ನೀರಿನ ಮಾತು: ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿ 1896ರಲ್ಲಿ ಗಂಗೆ, ಯಮುನೆಯ ನೀರು ಕಾಲರಾ ರೋಗಾಣುವನ್ನು ಕೊಲ್ಲುತ್ತದೆ, ಕುದಿಸಿದರೆ ಆ ಗುಣ ಹೋಗುತ್ತದೆ ಎಂದು ವರದಿ ಮಾಡಿದ. ಬ್ಯಾಕ್ಟೀರಿಯಾ ತಿನ್ನುವ ಫೇಜ್ ವೈರಾಣುಗಳ ಸಂಶೋಧನೆಯ ಚರಿತ್ರೆಯಲ್ಲಿ ಆ ವರದಿಗೆ ಜಾಗವಿದೆ, ಇಲ್ಲಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಯದ ಗಾಯಗಳಿಗೆ ಫೇಜ್ ಬಳಸುವ ಸಂಶೋಧನೆ ಇವತ್ತು ನಡೆದಿದೆ. ಹಾಗೆಂದು ಊರಿನ ಚರಂಡಿ ಸೇರಿದ ನೀರಿನಲ್ಲಿ ಜಾಲಾಡಿದ ಬಟ್ಟೆಯನ್ನು ಗಾಯಕ್ಕೆ ಕಟ್ಟಬಹುದು ಎಂದು ಯಾರೂ ಅರ್ಥ ಮಾಡಬಾರದು.

ಒಗೆತದ ತಲೆನೋವೇ ಇಲ್ಲದ ಜಾಗ ಒಂದಿದೆ: ಒಂದೇ ಸಲ ಬಳಸಿ ಬಿಸಾಡುವ ಗಾಯದ ಪಟ್ಟಿ. ಕೈಟೋಸಾನ್ ನಿಜವಾಗಿ ಗೆದ್ದಿರುವುದು ಅಲ್ಲೇ. ಕೆಂಪು ರಕ್ತಕಣದ ಹೊರಮೈಗೂ ಋಣಾಂಶವಿದೆ. ಕೈಟೋಸಾನ್ ಅದನ್ನು ಎಳೆದು ಒಟ್ಟುಗೂಡಿಸಿ ರಕ್ತಸ್ರಾವ ನಿಲ್ಲಿಸುತ್ತದೆ. ಹೆಮ್‌ಕಾನ್ ಎಂಬ ಪಟ್ಟಿಗೆ 2002ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿ, ಅಫ್ಘಾನಿಸ್ತಾನ, ಇರಾಕ್ ಯುದ್ಧಗಳಲ್ಲಿ ಸೈನಿಕರ ಚೀಲ ಸೇರಿತು. ಆಕ್ಸಿಯೋಸ್ಟಾಟ್ ಎಂಬ ಇಂಥದೇ ಪಟ್ಟಿ ನಮ್ಮ ದೇಶದಲ್ಲೇ ತಯಾರಾಗುತ್ತಿದೆ.

ಇನ್ನು ಬಾಗಿಲಲ್ಲಿ ನಿಲ್ಲಿಸಿದ ಹಿರಿಯರ ಪ್ರಶ್ನೆ. ಸಿಗಡಿ ಚಿಪ್ಪಿನ ಸಾರ ತಾಗಿದ ಬಟ್ಟೆ ಮಡಿಗೆ ಬರುತ್ತದೆಯೇ? ಮಡಿಯ ಶಾಸ್ತ್ರ ನನ್ನದಲ್ಲ, ರಸಾಯನಶಾಸ್ತ್ರದ ಮಟ್ಟಿಗೆ ಉತ್ತರಿಸುತ್ತೇನೆ. ಬೇಡವೆನ್ನುವವರಿಗೆ ಬೇರೆ ದಾರಿ ಇದೆ. ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟಿನ ಕೋಶಭಿತ್ತಿಯಲ್ಲೂ ಕೈಟಿನ್ ಇದೆ, ಬೆಲ್ಜಿಯಂನ ಕಂಪನಿಯೊಂದು ಅದರಿಂದಲೇ ಕೈಟೋಸಾನ್ ತಯಾರಿಸಿ ಮಾರುತ್ತಿದೆ. ಸ್ವಾರಸ್ಯವೆಂದರೆ ಕಾರ್ಖಾನೆಗಳಲ್ಲಿ ಸಿಟ್ರಿಕ್ ಆಮ್ಲ ತಯಾರಾಗುವುದೂ ಇದೇ ಬೂಷ್ಟಿನಿಂದ. ಬಟ್ಟೆಗೆ ಹಚ್ಚುವ ವಸ್ತು, ಅದನ್ನು ಕಟ್ಟಿಹಾಕುವ ಕೊಂಡಿ, ಎರಡನ್ನೂ ಒಂದೇ ತೊಟ್ಟಿಯ ಬೂಷ್ಟು ಕೊಡುತ್ತದೆ. ಇದು ಉತ್ತರದ ಸಭ್ಯ ಭಾಗ. ಉಳಿದ ಭಾಗ ಇಷ್ಟು: ಪಟ್ಟೆ ಎಂಬುದು ಬಿಸಿನೀರಿನಲ್ಲಿ ಬೆಂದ ಹುಳುವಿನ ಗೂಡು. ಅದನ್ನು ಮಡಿಯೆಂದು ಒಪ್ಪಿದ ನಮ್ಮ ಹಿರಿಯರು ಸಾಕಷ್ಟು ವಿಶಾಲ ಮನಸ್ಸಿನವರೇ ಇದ್ದರು.

ಹಾಗಾದರೆ ಬನಾರಸಿ ಸೀರೆಗೇ ಹಾಕೋಣವೇ? ಬೇಡ. ಪಟ್ಟೆಸೀರೆಯನ್ನು ಯಾರೂ ದಿನವೂ ಉಡುವುದಿಲ್ಲ, 150 ಡಿಗ್ರಿಯ ಬಿಸಿಗೆ ರೇಷ್ಮೆ ಹಳದಿಗಟ್ಟುತ್ತದೆ, ಅಸಿಟಿಕ್ ಆಮ್ಲದ ಹಬೆಗೆ ತಾಮ್ರದ ಜರಿ ಕಿಲುಬು ಹಿಡಿಯುತ್ತದೆ. ರೋಗಾಣು ನಿರೋಧಕ ಬನಾರಸಿ ಸೀರೆ ಎಂದು ಯಾರಾದರೂ ಮಾರಿದರೆ ಅವರು ಮಾರುತ್ತಿರುವುದು ಲೇಬಲ್ಲನ್ನು. ಇಲ್ಲಿ ತಕ್ಕ ಬಟ್ಟೆ ಗಮ್ಛಾ. ಹತ್ತಿಯದು, ಒರಟು, ಬೆವರು ಕುಡಿಯುತ್ತದೆ, ರಿಕ್ಷಾ ತುಳಿಯುವವನ ಕೊರಳಲ್ಲಿ ದಿನವಿಡೀ ಒದ್ದೆಯಾಗಿರುತ್ತದೆ, ಸ್ವಲ್ಪ ಹಳದಿಯಾದರೂ ಬಿರುಸಾದರೂ ಯಾರೂ ದೂರುವುದಿಲ್ಲ. ಮಗ್ಗದ ಮನೆಯಲ್ಲಿ ಪ್ಯಾಡಿಂಗ್ ಯಂತ್ರವಿಲ್ಲ, ಭಾರಿ ಒಲೆಯಿಲ್ಲ. ಕೈಮಗ್ಗಕ್ಕೆ ಹೊಂದುವುದು ನೂಲಿನ ಲಡಿಯನ್ನೇ ಬಣ್ಣದ ತೊಟ್ಟಿಯಲ್ಲಿ ಕೈಟೋಸಾನಿಗೆ ಅದ್ದುವುದು, ಹಾಸುನೂಲಿಗೆ ಹಚ್ಚುವ ಗಂಜಿಗೆ ಅದನ್ನು ಬೆರೆಸುವುದು. ಒಗೆತಕ್ಕೆ ಎಷ್ಟು ತಾಳುತ್ತದೆ ಎಂಬುದನ್ನು ಚೌಕಾಘಾಟಿನ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು ಯಂತ್ರದ ಡಬ್ಬಿಯಲ್ಲಿ ನೋಡುವುದರ ಜೊತೆಗೆ, ಧೋಬಿಯ ಕೈಗೆ ಕೊಟ್ಟೂ ನೋಡಬೇಕು. ಅವನಿಗೆ ಕೂಲಿ ಕೊಟ್ಟು, ಪ್ರಬಂಧದಲ್ಲಿ ಅವನ ಒಗೆತದ ವಿಧಾನವನ್ನು ಸರಿಯಾಗಿ ಬರೆದು.

ಕೊನೆಯದಾಗಿ ಕರ್ನಾಟಕದ ಒಂದು ಲೆಕ್ಕ. ನೂಲು ಬಿಚ್ಚಾಣಿಕೆ ನಡೆಯುವ ಊರುಗಳ ನಾತ ಗೊತ್ತಿದ್ದವರಿಗೆ ಪ್ಯೂಪಾ ಎಂದರೇನು ಎಂದು ಹೇಳಬೇಕಿಲ್ಲ. ಗೂಡಿನ ಎಳೆ ಬಿಚ್ಚಿದ ಮೇಲೆ ಬಾನೆಯಲ್ಲಿ ಉಳಿಯುವ ಬೆಂದ ಹುಳು ಅದು. ಎಣ್ಣೆಗೆ, ಕೋಳಿ ಮೀನುಗಳ ಮೇವಿಗೆ ಹೋಗುತ್ತದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎರಡು ಕಿಲೋದಷ್ಟು ಒಣ ಪ್ಯೂಪಾ ಉಳಿಯುತ್ತದೆ. ಅದರಲ್ಲಿ ಕೈಟಿನ್ ನೂರಕ್ಕೆ ಮೂರ್ನಾಲ್ಕು ಪಾಲು, ಒಣ ಸಿಗಡಿ ಚಿಪ್ಪಿನಲ್ಲಿರುವುದಕ್ಕಿಂತ ಬಹಳ ಕಡಿಮೆ. ಎರಡು ಕಿಲೋಗೆ ಅರವತ್ತು ಗ್ರಾಂ ಎಂದಿಟ್ಟುಕೊಳ್ಳಿ. ಅಸಿಟೈಲ್ ಕಳಚಿ, ಸೋರಿದ್ದು ಚೆಲ್ಲಿದ್ದು ಕಳೆದು ನಲವತ್ತು ಗ್ರಾಂ ಕೈಟೋಸಾನ್. ಬನಾರಸಿ ಸೀರೆಗೆ ಅರ್ಧ ಕಿಲೋ ರೇಷ್ಮೆ ಹಿಡಿದರೆ ಪಾಲಿಗೆ ಬರುವುದು ಇಪ್ಪತ್ತು ಗ್ರಾಂ, ನಾಲ್ಕು ಗ್ರಾಂನ ಲೆಕ್ಕದಲ್ಲಿ ಐದು ಹಾಸುಬಟ್ಟೆ. ಕೈಟಿನ್ನಿಗಾಗಿಯೇ ಪ್ಯೂಪಾ ಕುದಿಸಿದರೆ ದುಡ್ಡು ಹುಟ್ಟುವುದಿಲ್ಲ. ಎಣ್ಣೆ, ಪ್ರೋಟೀನು ಮೊದಲೇ ತೆಗೆದ ಕಡೆ ಮಾತ್ರ ಉಳಿದ ಹೊಟ್ಟಿಗೆ ಅರ್ಥವಿದೆ. ಹುಳುವಿನ ಚರ್ಮದಲ್ಲಿ ಸುಣ್ಣ ಕಡಿಮೆ, ಆದ್ದರಿಂದ ಆಮ್ಲದ ಖರ್ಚು ಉಳಿಯುತ್ತದೆ. ಬಣ್ಣ ಮಾತ್ರ ಕಂದು. ಬಿಳಿ ಮಾಡಲು ಹೋದರೆ ಸರಪಣಿ ತುಂಡಾಗುತ್ತದೆ. ಚಿಕ್ಕ ತುಂಡೂ ಕೊಲ್ಲಬಲ್ಲದು ಎಂದು ಮೈಸೂರಿನವರು ತೋರಿಸಿದ್ದಾರಲ್ಲ, ಆದರೆ ಚಿಕ್ಕ ತುಂಡು ಬಟ್ಟೆಗೆ ಗಟ್ಟಿಯಾಗಿ ಕೂರುತ್ತದೆಯೇ ಎಂಬುದನ್ನು ಮಾಡಿ ನೋಡಬೇಕು. ಗಮ್ಛಾಕ್ಕಾದರೆ ಕಂದು ಬಣ್ಣವೇ ನಡೆಯುತ್ತದೆ, ಬಿಳುಪಿಸುವ ಗೋಜೇ ಬೇಡ.